ಮೀಟರಮ್ಮನವರ ಹನ್ನೊಂದು ತಪ್ಪುಗಳು

ಗಿಟಾರಿನ ಸದ್ದು ಹೆಚ್ಚಿಸುವ ಹಳೆಯ ವಾಲ್ವ್ ಆಂಪ್ಲಿಫೈಯರುಗಳ ಕಾಲ ಮುಗಿಯಿತೆಂದು ನನಗೆ ತಿಳಿದಂತೆ ಮೂರು ಸಲ ಸಾರಲಾಗಿದೆ. ಮೂರು ಸಲವೂ ಅವು ಅಟ್ಟದ ಧೂಳು ಕೊಡವಿಕೊಂಡು ಎದ್ದು ಬಂದಿವೆ. ಹಾಗೆ ಎದ್ದು ಬಂದಾಗಲೆಲ್ಲ ಜನ ಅವನ್ನು ಎದೆಗವಚಿಕೊಂಡು, ದಾರಿ ಕೇಳಿಕೊಂಡು ತಲುಪಿದ್ದು ನಮ್ಮ ಸಂಗೀತ ಶಾಲೆಯ ಹಿಂಬದಿಯ, ಎರಡು ಕಿಟಕಿಯ ದುರಸ್ತಿ ಕೋಣೆಯನ್ನು. ಆ ಕೋಣೆಯಲ್ಲಿ ಮೂವತ್ತೆಂಟು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯರ ಹೆಸರು ಈ ಸಂಪುಟದ ಮುಖಪುಟದ ಮೇಲೆ ದಪ್ಪ ಅಕ್ಷರಗಳಲ್ಲಿದೆ. ಆ ಹೆಸರಿನಲ್ಲಿ ಅವರನ್ನು ಕರೆದು ನನಗೆ ಅಭ್ಯಾಸವಿಲ್ಲ. ಆದ್ದರಿಂದ ಕೋಣೆ ಅವರಿಗೆ ಕೊಟ್ಟ ಹೆಸರನ್ನೇ ಇಲ್ಲೂ ಬಳಸುತ್ತೇನೆ.

ಮೀಟರಮ್ಮ ಎಂದು ಹೆಸರಿಟ್ಟವರು ನಮ್ಮ ಉಗ್ರಾಣದ ಗುಮಾಸ್ತರು. ವಿದ್ಯುತ್ ಅಳೆಯುವ, ಕಪ್ಪು ಬಣ್ಣದ ಹಳೆಯ ಮುಳ್ಳಿನ ಮೀಟರೊಂದನ್ನು ಚರ್ಮದ ಪಟ್ಟಿಗೆ ಕಟ್ಟಿ, ಮಕ್ಕಳು ನೀರಿನ ಬಾಟಲಿ ನೇತುಹಾಕಿಕೊಂಡಂತೆ ಹೆಗಲಿಗೆ ನೇತುಹಾಕಿಕೊಂಡು ಅವರು ಓಡಾಡುತ್ತಿದ್ದರು. ಹೆಸರು ಹುಟ್ಟಿದ್ದು ಬೆನ್ನ ಹಿಂದೆ ಆಡಿಕೊಳ್ಳುವುದಕ್ಕೆ. ಆದರೆ ಒಮ್ಮೆ ಸಭೆಯಲ್ಲಿ ಮೇಲ್ವಿಚಾರಕರೇ ಬಾಯಿ ತಪ್ಪಿ, "ಮೀಟರಮ್ಮನವರ ಅಭಿಪ್ರಾಯ ಏನು?" ಎಂದುಬಿಟ್ಟರಂತೆ. ಇವರು ಕಾಗದದಿಂದ ತಲೆ ಎತ್ತದೆ, "ಮೀಟರಮ್ಮನ ಅಭಿಪ್ರಾಯ ಏನಂದ್ರೆ, ಆ ಕೋಣೆಗೆ ಇನ್ನೊಂದು ಪ್ಲಗ್ ಪಾಯಿಂಟ್ ಬೇಕು" ಎಂದರಂತೆ. ಪ್ಲಗ್ ಪಾಯಿಂಟೂ ಬಂತು, ಹೆಸರೂ ಉಳಿಯಿತು.

ಅಭಿನಂದನ ಸಂಪುಟದಲ್ಲಿ ತಪ್ಪುಗಳ ಮಾತೇಕೆಂದು ಸಂಪಾದಕರು ನನ್ನ ಶೀರ್ಷಿಕೆಗೆ ಹುಬ್ಬೇರಿಸಿದರು. ನಾನು ಮೀಟರಮ್ಮನವರನ್ನೇ ಕೇಳಿದೆ. "ಹನ್ನೊಂದು ಅಂತ ತಾನೆ ಬರೆದಿರೋದು? ಸಂಖ್ಯೆ ಸರಿಯಾಗಿದೆ, ಹಾಕ್ಲಿ ಬಿಡು" ಎಂದರು. ಸಾವಿರಗಟ್ಟಲೆ ಯಂತ್ರಗಳಿಗೆ ಮರಳಿ ದನಿ ಕೊಟ್ಟವರು ಅವರು. ಅದರ ವಿವರ ಈ ಸಂಪುಟದ ಬೇರೆ ಲೇಖನಗಳಲ್ಲಿದೆ. ನಾನು ಬರೆಯಹೊರಟಿರುವುದು ಅವರ ಕೈಯಿಂದಲೇ ದನಿ ಕಳೆದುಕೊಂಡ ಹನ್ನೊಂದು ಆಂಪ್ಲಿಫೈಯರುಗಳ ಬಗ್ಗೆ, ಅವನ್ನು ಒಂದೊಂದಾಗಿ ಹುಡುಕಿ ಸರಿಪಡಿಸಲು ಅವರು ಸವೆಸಿದ ವರ್ಷಗಳ ಬಗ್ಗೆ. ಆ ಕೆಲಸ ಇನ್ನೂ ಮುಗಿದಿಲ್ಲ. ನಿವೃತ್ತಿ ಎಂಬ ಮಾತನ್ನು ಅವರು ಇಷ್ಟು ಹಗುರಾಗಿ ತೆಗೆದುಕೊಂಡಿರುವುದಕ್ಕೆ ಅದೇ ಕಾರಣವೆಂದು ನನ್ನ ನಂಬಿಕೆ.

ಹದಿನೇಳು ವರ್ಷಗಳ ಹಿಂದೆ ನಾನು ಈ ಕೋಣೆಗೆ ಬಂದಾಗ ನನಗೆ ಮೂವತ್ತೆರಡು. ಮದುವೆ ಮುರಿದಿತ್ತು. ಅಣ್ಣನ ಮನೆಯ ನಡುಕೋಣೆಯಲ್ಲಿ, ಹೊಲಿಗೆ ಯಂತ್ರದ ಪಕ್ಕದಲ್ಲಿ ನನ್ನ ಹಾಸಿಗೆ. ಮದುವೆಗೆ ಮುಂಚೆ ಪಡೆದಿದ್ದ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಪ್ರಮಾಣಪತ್ರ ಒಂಬತ್ತು ವರ್ಷ ಟ್ರಂಕಿನ ತಳದಲ್ಲಿದ್ದು, ಮಡಿಕೆಯಲ್ಲಿ ಬಿರುಕು ಬಿಟ್ಟಿತ್ತು. ಅತ್ತಿಗೆ ಕೆಟ್ಟವರಲ್ಲ. ದಿನಕ್ಕೊಮ್ಮೆಯಾದರೂ ಪಾತ್ರೆ ಒರೆಸುತ್ತ, "ಈಗ ಹೇಗಿದೀಯಾ?" ಎಂದು ಕೇಳುತ್ತಿದ್ದರು. ಕೇಳಿದೊಡನೆ ನನ್ನೊಳಗೆ ಇದ್ದದ್ದೆಲ್ಲ ಎಲ್ಲಿಗೋ ಇಂಗಿಹೋಗುತ್ತಿತ್ತು. "ಚೆನ್ನಾಗಿದೀನಿ" ಎನ್ನುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ. ಆ ಗಳಿಗೆಯಲ್ಲಿ ಹೇಳುವುದಕ್ಕೆ ಒಳಗೆ ನಿಜವಾಗಿ ಏನೂ ಇರುತ್ತಿರಲಿಲ್ಲ.

ಕೆಲಸ ಸಿಕ್ಕಿದ್ದು ಆರು ತಿಂಗಳ ಪರೀಕ್ಷಾವಧಿಯ ಮೇಲೆ. ಮೊದಲ ದಿನ ಮೀಟರಮ್ಮನವರು ನನ್ನ ಪ್ರಮಾಣಪತ್ರ ನೋಡಲಿಲ್ಲ, ಇಷ್ಟು ವರ್ಷ ಏನು ಮಾಡುತ್ತಿದ್ದೆ ಎಂದು ಕೇಳಲಿಲ್ಲ. ನನ್ನ ಕೈಗಳನ್ನು ನೋಡಿ, "ನಾಳೆ ಉಗುರು ಕತ್ತರಿಸ್ಕೊಂಡು ಬಾ. ಮಿಕ್ಕಿದ್ದು ಆಮೇಲೆ" ಎಂದರು. ಬೆಸುಗೆ ಹಾಕುವಾಗ ನನ್ನ ಬೆರಳು ನಡುಗುತ್ತಿದ್ದವು. ಅದನ್ನು ಅವರು ಕಂಡಿದ್ದರು. ಆದರೆ ಕಂಡೆನೆಂದು ಇಂದಿನವರೆಗೂ ಹೇಳಿಲ್ಲ. ಒಂದು ತಿಂಗಳ ಕಾಲ ಸತ್ತ ಯಂತ್ರಗಳ ಬೆಸುಗೆ ಬಿಡಿಸುವ ಕೆಲಸ ಮಾತ್ರ ಕೊಟ್ಟರು. ಕೆಡುವಂಥದ್ದು ಏನೂ ಇಲ್ಲದ ಕಡೆ ಕೈ ತಾನಾಗಿ ನಿಂತಿತು.

ವಾಲ್ವ್ ಯಂತ್ರಗಳ ಹೊಟ್ಟೆಯಲ್ಲಿ ಮುನ್ನೂರು ವೋಲ್ಟು ಹರಿಯುತ್ತಿರುತ್ತದೆ. ಎರಡೂ ಕೈ ಒಳಗಿಟ್ಟರೆ ಅದು ಒಂದು ಕೈಯಿಂದ ಹೊಕ್ಕು ಎದೆಯ ಮೂಲಕ ಇನ್ನೊಂದು ಕೈಯಿಂದ ಹೊರಡಬಹುದು. ಆದ್ದರಿಂದ ಒಂದು ಕೈ ಯಾವಾಗಲೂ ಜೇಬಿನಲ್ಲಿರಬೇಕೆಂಬುದು ಈ ಕಸುಬಿನ ಹಳೆಯ ನಿಯಮ. ಹೆಂಗಸರಿಗೆಂದು ಶಾಲೆ ಕೊಡುತ್ತಿದ್ದ ಮೇಲಂಗಿಗೆ ಜೇಬೇ ಇರಲಿಲ್ಲ. ಎರಡನೆಯ ವಾರ ನನ್ನ ಮೇಲಂಗಿ ಕೊಕ್ಕೆಯಿಂದ ಕಾಣೆಯಾಗಿ ಮರುದಿನ ಮರಳಿತು. ಎಡಬದಿಗೆ ದಪ್ಪ ಬಟ್ಟೆಯ, ಮೊಣಕೈವರೆಗೂ ಇಳಿಯುವ ಜೇಬು ಹೊಲಿದಿತ್ತು. "ನಿಂಗೆ ಜೀವ ಉಳಿಸೋ ಜೇಬು, ಕಡ್ಲೆಕಾಯಿ ತುಂಬ್ಕೋಬೇಡ" ಎಂದರು ಅವರು.

ಅವರು ನನಗೆ ಮೊದಲು ಕಲಿಸಿದ ಪಾಠ ಬಯಾಸಿನದು. ಅದನ್ನು ಅವರು ಹೇಳಿದಂತೆಯೇ ಇಲ್ಲಿ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ವಾಲ್ವೆಂಬ ಗಾಜಿನ ಬುರುಡೆಯೊಳಗೆ ಬಿಸಿಯಾದ ಒಂದು ಕೊಳವೆ, ಅದು ಕ್ಯಾಥೋಡು. ಅದರಿಂದ ಹೊರಟ ಎಲೆಕ್ಟ್ರಾನುಗಳು ಹೊರಗಿನ ತಗಡಿನ ಕಡೆಗೆ, ಅಂದರೆ ಆನೋಡಿನ ಕಡೆಗೆ ಓಡುತ್ತವೆ. ನಡುವೆ ಗ್ರಿಡ್ ಎಂಬ ತಂತಿಯ ಬಲೆ. ಗಿಟಾರಿನ ತಂತಿಯಿಂದ ಬಂದ ಸಣ್ಣ ಕಂಪನ ಈ ಬಲೆಯನ್ನು ತಟ್ಟಿದರೆ ಆಚೆಯ ದೊಡ್ಡ ಓಟ ಅದಕ್ಕೆ ತಕ್ಕಂತೆ ಏರಿಳಿಯುತ್ತದೆ. "ಗ್ರಿಡ್ಡು ಅಂದ್ರೆ ಬಾಗಿಲು ಅಂದ್ಕೋ" ಎನ್ನುತ್ತಿದ್ದರು. "ಪೂರ್ತಿ ಮುಚ್ಚಿದ್ರೆ ಯಾರೂ ಒಳಗೆ ಬರಲ್ಲ. ಪೂರ್ತಿ ತೆಗೆದಿಟ್ರೆ ಯಾರು ಬಂದ್ರು ಯಾರು ಹೋದ್ರು ತಿಳಿಯಲ್ಲ. ಯಾರೂ ಬರದೇ ಇರೋ ಹೊತ್ತಲ್ಲಿ ಬಾಗಿಲು ಎಷ್ಟು ಓರೆ ಆಗಿರ್ಬೇಕು ಅನ್ನೋದೇ ಬಯಾಸು." ಬಲೆ ಕ್ಯಾಥೋಡಿಗಿಂತ ಅರ್ಧ ವೋಲ್ಟೋ ಒಂದೆರಡು ವೋಲ್ಟೋ ಕೆಳಗಿರಬೇಕು. ಯಂತ್ರದ ಗುಣವೆಲ್ಲ ಆ ಒಂದೆರಡು ವೋಲ್ಟಿನಲ್ಲಿದೆ.

ಬಾಗಿಲನ್ನು ಹಾಗೆ ಓರೆಯಾಗಿ ನಿಲ್ಲಿಸುವುದಕ್ಕೆ ಹಲವು ದಾರಿಗಳಿವೆ. ಬೇರೆ ಕಡೆಯಿಂದ ಸಿದ್ಧ ವೋಲ್ಟೇಜು ತಂದು ಬಲೆಗೆ ಕೊಡಬಹುದು, ಬಾಗಿಲ ಕೆಳಗೆ ಬೆಣೆ ಹೊಡೆದಂತೆ. ಕ್ಯಾಥೋಡಿನ ಕೆಳಗೊಂದು ರೆಸಿಸ್ಟರ್ ಇಡಬಹುದು. ಓಟ ಹೆಚ್ಚಾದರೆ ಬಾಗಿಲು ತಾನೇ ಸ್ವಲ್ಪ ಮುಚ್ಚಿಕೊಳ್ಳುತ್ತದೆ, ಸ್ಪ್ರಿಂಗ್ ಹಾಕಿದ ಬಾಗಿಲಿನಂತೆ. ಪುಸ್ತಕಗಳೆಲ್ಲ ಹೊಗಳುವುದು ಇದನ್ನು. ಬಹಳ ಹಳೆಯ ಯಂತ್ರಗಳಲ್ಲಿ ಮಾತ್ರ ಮೂರನೆಯ ಒಂದು ದಾರಿ ಇದೆ. ಅಲ್ಲಿ ಬೆಣೆಯೂ ಇಲ್ಲ, ಸ್ಪ್ರಿಂಗೂ ಇಲ್ಲ. ಓಡುವ ಎಲೆಕ್ಟ್ರಾನುಗಳಲ್ಲಿ ಕೆಲವು ದಾರಿತಪ್ಪಿ ಬಲೆಯ ಮೇಲೇ ಕೂರುತ್ತವೆ. ಅವು ಇಳಿದು ಹೋಗಲು ಐವತ್ತು ಲಕ್ಷ ಓಮಿನ ಒಂದೇ ಒಂದು ರೆಸಿಸ್ಟರ್, ಸೂಜಿಮೊನೆಯಷ್ಟು ಕಿರಿದಾದ ದಾರಿ. ಇಳಿಯುವುದು ನಿಧಾನವಾದ್ದರಿಂದ ಬಲೆಯ ಮೇಲೆ ಯಾವಾಗಲೂ ಕೆಲವು ಉಳಿದೇ ಇರುತ್ತವೆ. ಹಾಗೆ ಉಳಿದವುಗಳ ಭಾರಕ್ಕೇ ಬಾಗಿಲು ಅರ್ಧ ವೋಲ್ಟಿನಷ್ಟು ಒರಗಿಕೊಂಡಿರುತ್ತದೆ.

ಈ ಮೂರನೆಯ ದಾರಿಯನ್ನು ಅವರು ನನಗೆ ಕಲಿಸುವ ಮುನ್ನವೇ ನಾನು ಅದರ ಮೇಲೆ ಕಾಲಿಟ್ಟೆ.

ಪರೀಕ್ಷಾವಧಿಯ ಐದನೆಯ ತಿಂಗಳು. ಮೀಟರಮ್ಮನವರು ತಂಗಿಯ ಶಸ್ತ್ರಚಿಕಿತ್ಸೆಗೆಂದು ಮೂರು ದಿನ ರಜೆಯಲ್ಲಿದ್ದರು. ಶಾಲೆಯ ಹಿರಿಯ ಗಿಟಾರ್ ಶಿಕ್ಷಕಿ ತಮ್ಮ ಚಿಕ್ಕ ಆಂಪ್ಲಿಫೈಯರನ್ನು ತಂದಿಟ್ಟು, ಗುಂಯ್ ಎನ್ನುತ್ತಿದೆ, ನೋಡಿ ಎಂದು ಹೇಳಿ ಹೋದರು. ಗುಂಯ್ ಎಂಬುದಕ್ಕೆ ಕಾರಣ ಒಣಗಿದ ಒಂದು ಕೆಪಾಸಿಟರ್. ಅದನ್ನು ಬದಲಿಸಲು ಅರ್ಧ ಗಂಟೆ ಹಿಡಿಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನವಿರುತ್ತಿರಲಿಲ್ಲ. ಅಚ್ಚುಕಟ್ಟಾಗಿ ಮಾಡಿ ತೋರಿಸಬೇಕೆಂಬ ಆಸೆಗೆ ಮೊದಲ ವಾಲ್ವಿನ ಬಲೆಗೆ ಮೀಟರ್ ಮುಟ್ಟಿಸಿದೆ. ಮುಳ್ಳು ಸೊನ್ನೆಯಲ್ಲೇ ಮಲಗಿತ್ತು. ಬಯಾಸೇ ಇಲ್ಲ. ಕ್ಯಾಥೋಡನ್ನು ನೋಡಿದರೆ ನೇರವಾಗಿ ನೆಲಕ್ಕೆ, ಅಂದರೆ ಸೊನ್ನೆ ವೋಲ್ಟಿನ ತಂತಿಗೆ, ಕಟ್ಟಿದ್ದಾರೆ. ನಲವತ್ತು ವರ್ಷದಿಂದ ಈ ಯಂತ್ರ ಬಾಗಿಲೇ ಇಲ್ಲದ ಮನೆಯಂತೆ ಬದುಕಿದೆ ಎಂದು ಮರುಗಿ, ಪುಸ್ತಕದಲ್ಲಿದ್ದಂತೆ ಕ್ಯಾಥೋಡಿನ ಕೆಳಗೆ ಹೊಸ ರೆಸಿಸ್ಟರ್ ಬೆಸೆದೆ, ಐವತ್ತು ಲಕ್ಷ ಓಮಿನ ಹಳೆಯದನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದೆ. ನನ್ನ ಕೈ ಆ ದಿನ ಒಮ್ಮೆಯೂ ನಡುಗಲಿಲ್ಲ. ಮನೆಗೆ ಹೋಗಿ, ಅತ್ತಿಗೆ ಕೇಳದೆಯೇ, "ಇವತ್ತು ಒಂದು ದೊಡ್ಡ ಕೆಲಸ ಮಾಡ್ದೆ ಅತ್ತಿಗೆ" ಎಂದೆ.

ಮರುದಿನ ಶಿಕ್ಷಕಿ ಬಂದು ಗಿಟಾರ್ ಸಿಕ್ಕಿಸಿ ನುಡಿಸಿದರು. ಸದ್ದು ಸ್ಪಷ್ಟವಾಗಿತ್ತು, ಮೊದಲಿಗಿಂತ ಜೋರಾಗಿತ್ತು. ನಾಲ್ಕು ಸ್ವರ ನುಡಿಸಿ ತಂತಿಯ ಮೇಲೆ ಅಂಗೈ ಇಟ್ಟು ನಿಲ್ಲಿಸಿದರು.

"ಇದು ನಂದಲ್ಲ."

"ನಿಮ್ಮದೇ ಮೇಡಂ, ನೋಡಿ, ಹಿಡಿ ಹತ್ತಿರ ನಿಮ್ಮ ಗುರುತು ಇದೆಯಲ್ಲ."

"ಡಬ್ಬ ನಂದೇ ಕಣಮ್ಮ. ಒಳಗೆ ಬೇರೆ ಯಾರೋ ಬಂದು ಕೂತಿದಾರೆ."

ಅವರು ಕೋಪಿಸಿಕೊಳ್ಳಲಿಲ್ಲ. ಹೇಳಿದ್ದು ಅಷ್ಟೇ. ಹೆಗಲಿನ ಗಿಟಾರನ್ನು ತೆಗೆದಿಡುವುದನ್ನು ಮರೆತು ಹಾಗೇ ನಡೆದುಹೋದರು. ಪ್ಲಗ್ಗಿನ ತಂತಿ ಅವರ ಹಿಂದೆ ಬಾಗಿಲವರೆಗೂ ಎಳೆದುಕೊಂಡು ಹೋಗಿ ಕಳಚಿಬಿತ್ತು. ಸುದ್ದಿ ಮೇಲ್ವಿಚಾರಕರಿಗೆ ತಲುಪಲು ಒಂದು ಗಂಟೆ ಸಾಕಾಯಿತು. "ಬರೆದುಕೊಡಿ" ಎಂದರು ಅವರು. "ಏನ್ ಮಾಡಿದ್ರಿ, ಯಾಕ್ ಮಾಡಿದ್ರಿ, ಯಾರನ್ನ ಕೇಳಿ ಮಾಡಿದ್ರಿ. ಒಂಬತ್ತು ವರ್ಷ ಮನೇಲಿದ್ದವರನ್ನ ತಗೊಳ್ಳೋವಾಗಲೇ ನಾನು ಹೇಳಿದ್ದೆ." ಅವರು ಯಾರಿಗೆ ಹೇಳಿದ್ದರೆಂದು ನಾನು ಕೇಳಲಿಲ್ಲ. ಕಾಗದ ತೆಗೆದುಕೊಂಡು ಬರೆಯಲು ಕುಳಿತೆ. ಮೂರು ಸಾಲಿನ ನಂತರ, ಅಣ್ಣನ ಮನೆಯ ನಡುಕೋಣೆ ಬಿಟ್ಟರೆ ನನ್ನ ಮುಂದೆ ಏನೂ ಕಾಣಲಿಲ್ಲ.

ನಾಲ್ಕನೆಯ ದಿನ ಮೀಟರಮ್ಮನವರು ಬಂದರು. ನನ್ನ ಅರ್ಧ ಬರೆದ ವಿವರಣೆ ಓದಿ, ಮಡಿಸಿ, ಮೇಜಿನ ಅಂಚಿಗಿಟ್ಟರು. ಗೂಡಿನಿಂದ ಅದೇ ಕಾಲದ, ಅದೇ ಬಗೆಯ ಇನ್ನೊಂದು ಯಂತ್ರ ಇಳಿಸಿ, ಬೆನ್ನು ಬಿಚ್ಚಿ, ಬಿಸಿಯಾಗಲು ಬಿಟ್ಟರು. ತಮ್ಮ ಮೀಟರನ್ನು ಮೊದಲ ವಾಲ್ವಿನ ಆನೋಡಿಗೆ ಸಿಕ್ಕಿಸಿದರು. ನೂರ ಇಪ್ಪತ್ತು ವೋಲ್ಟು.

"ಈಗ ನಿನ್ನ ಮೀಟರ್ ತಗೊಂಡು ಗ್ರಿಡ್ ಮುಟ್ಟು."

ಎಡಗೈ ಜೇಬಿಗೆ ಇಳಿಸಿ ಮುಟ್ಟಿದೆ. ಸೊನ್ನೆ.

"ಇಲ್ಲೂ ಸೊನ್ನೇನೇ" ಎಂದೆ. ಒಳಗೊಳಗೇ ಸ್ವಲ್ಪ ಗೆದ್ದಂತೆಯೂ ಆಯಿತು.

"ಅದನ್ನ ನೋಡಬೇಡ. ಇದನ್ನ ನೋಡು."

ಅವರ ಮೀಟರಿನ ಮುಳ್ಳು ಎಂಬತ್ತೈದಕ್ಕೆ ಬಿದ್ದಿತ್ತು. ನಾನು ಕೈ ತೆಗೆದೆ. ಮುಳ್ಳು ನಿಧಾನವಾಗಿ ಏರಿ ನೂರ ಇಪ್ಪತ್ತಕ್ಕೆ ಬಂದು ನಿಂತಿತು. ಮತ್ತೆ ಮುಟ್ಟಿದೆ, ಬಿತ್ತು. ತೆಗೆದೆ, ಎದ್ದಿತು. ಏಳೆಂಟು ಸಲ ಹಾಗೆ ಮಾಡಿದೆನೆಂದು ತೋರುತ್ತದೆ. ಮೀಟರಿನ ಮುಳ್ಳು ಅಲ್ಲಾಡಬೇಕಾದರೆ ಅದಕ್ಕೂ ಒಂದಿಷ್ಟು ಪ್ರವಾಹ ಬೇಕು. ಐವತ್ತು ಲಕ್ಷ ಓಮಿನ ಕಿರುದಾರಿಯ ಪಕ್ಕದಲ್ಲಿ ನನ್ನ ಮೀಟರು ಐವತ್ತು ಸಾವಿರ ಓಮಿನ ಹೆದ್ದಾರಿ ತೆರೆದಿತ್ತು. ಬಲೆಯ ಮೇಲೆ ಕೂತಿದ್ದವೆಲ್ಲ ಆ ದಾರಿಯಲ್ಲಿ ಇಳಿದುಹೋಗಿ, ಅಳೆಯಬೇಕಾದದ್ದೇ ಇಲ್ಲವಾಗಿತ್ತು.

"ಅದು ಸೊನ್ನೆ ಇರ್ಲಿಲ್ಲ" ಎಂದರು ಮೀಟರಮ್ಮನವರು. "ನೀನು ಕೇಳ್ದೆ ನೋಡು, ಅದಕ್ಕೆ ಸೊನ್ನೆ ಆಯ್ತು."

ಮೀಟರನ್ನು ಮೇಜಿನ ಮೇಲಿಟ್ಟೆ. ಅತ್ತಿಗೆಯ ಪಾತ್ರೆ ಒರೆಸುವ ಕೈ, ನನ್ನ "ಚೆನ್ನಾಗಿದೀನಿ", ಎಲ್ಲ ಆ ಏಳುತ್ತ ಬೀಳುತ್ತಿದ್ದ ಮುಳ್ಳಿನಲ್ಲಿ ಕಂಡವು. ಆ ತನಕ ನಾನು ಖಾಲಿಯಾಗಿದ್ದೇನೆಂದೇ ತಿಳಿದಿದ್ದೆ. ಈ ಹೆಂಗಸು ಐದು ತಿಂಗಳಿನಿಂದ ನನ್ನನ್ನು ಏನನ್ನೂ ಕೇಳದೆ ಇದ್ದದ್ದು ಉದಾಸೀನದಿಂದಲ್ಲ ಎಂಬುದೂ ಆಗಲೇ ಹೊಳೆಯಿತು.

"ಪುಸ್ತಕದಲ್ಲಿ ಇದನ್ನ ಬರೆದೇ ಇಲ್ವಲ್ಲ ಮೇಡಂ" ಎಂದೆ ಕೊನೆಗೆ.

"ಬರೆದಿದೆ. ಕೊನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ. ನಾನೂ ಓದಿರ್ಲಿಲ್ಲ."

ಹಾಗೆಂದು ಮೇಜಿನ ಡ್ರಾಯರಿನಿಂದ ಒಂದು ಚಿಕ್ಕ ನೋಟುಪುಸ್ತಕ ತೆಗೆದು ನನ್ನ ಮುಂದಿಟ್ಟರು. ಒಳಗೆ ಹನ್ನೊಂದು ಯಂತ್ರಗಳ ಸಂಖ್ಯೆ, ಬಣ್ಣ, ತಂದವರ ಗುರುತು, ತಾರೀಕು. ಕೆಲಸಕ್ಕೆ ಸೇರಿದ ಮೊದಲ ನಾಲ್ಕು ವರ್ಷದಲ್ಲಿ ಅವರೂ ಹನ್ನೊಂದು ಸಲ ಬಲೆಗೆ ಮೀಟರ್ ಮುಟ್ಟಿಸಿ, ಸೊನ್ನೆ ಕಂಡು, ಪುಸ್ತಕದಂತೆ ತಿದ್ದಿ ಕಳಿಸಿದ್ದರು. ತಂದವರು ಯಾರೂ ದೂರಲಿಲ್ಲ. ಸದ್ದು ಜೋರಾಗಿದೆ ಎಂದು ಕೆಲವರು ಹೊಗಳಿಯೂ ಹೋದರು. ಹನ್ನೆರಡನೆಯದನ್ನು ತೆರೆದಾಗ ಯಾವುದೋ ಕಾರಣಕ್ಕೆ ಎರಡನೆಯ ಮೀಟರೊಂದು ಆನೋಡಿಗೆ ಅಂಟಿಕೊಂಡಿತ್ತು. ಮುಳ್ಳು ಬಿದ್ದದ್ದು ಕಣ್ಣಂಚಿಗೆ ಕಂಡಿತು. ಅಂದು ದಾಖಲೆ ಪುಸ್ತಕ ಹಿಂದಿನಿಂದ ಮುಂದಕ್ಕೆ ತಿರುವಿಹಾಕಿ ಹನ್ನೊಂದನ್ನೂ ಪಟ್ಟಿ ಮಾಡಿಕೊಂಡರು. ಆಗ ಅವರಿಗೆ ಇಪ್ಪತ್ತಾರು ವರ್ಷ. ನನಗೆ ತೋರಿಸುವ ಹೊತ್ತಿಗೆ ಹದಿನೇಳು ವರ್ಷ ಕಳೆದಿದ್ದವು. ಎಂಟರ ಮುಂದೆ "ಸಿಕ್ಕಿತು, ಸರಿಯಾಯಿತು" ಎಂದು ಬರೆದಿತ್ತು. ಯಾರೂ ಕೇಳದ, ಯಾರಿಗೂ ಗೊತ್ತೇ ಇಲ್ಲದ ತಪ್ಪುಗಳ ಬೆನ್ನು ಹತ್ತಿ ಒಬ್ಬಾಕೆ ಹದಿನೇಳು ವರ್ಷ ನಡೆದಿದ್ದಾಳೆಂಬುದನ್ನು ನಂಬಲು ನಾನು ಆ ಪುಟಗಳನ್ನು ಎರಡು ಸಲ ತಿರುವಬೇಕಾಯಿತು.

ಶಿಕ್ಷಕಿಯ ಯಂತ್ರವನ್ನು ಮೊದಲಿನಂತೆ ಮಾಡಲು ಕುಳಿತೆವು. ಹಳೆಯ ರೆಸಿಸ್ಟರ್ ಕಸದ ಬುಟ್ಟಿಯೊಂದಿಗೆ ಹೋಗಿಯಾಗಿತ್ತು. ಸತ್ತ ಯಂತ್ರವೊಂದರಿಂದ ಅಷ್ಟೇ ಓಮಿನ, ಅಷ್ಟೇ ಹಳೆಯದನ್ನು ಬಿಡಿಸಿದೆವು. ಬೆಸುಗೆ ನನ್ನ ಕೈಯಿಂದಲೇ ಹಾಕಿಸಿದರು. ಶಿಕ್ಷಕಿ ಬಂದು ನುಡಿಸಿ, "ಹತ್ತಿರ ಬಂದಿದೆ. ಆದ್ರೆ ಇನ್ನೂ ಹೊಸ್ತಿಲಾಚೆ ನಿಂತಿದೆ" ಎಂದರು. ಈ ಮೂರನೆಯ ದಾರಿಯಲ್ಲಿ ಬಯಾಸು ನಿಲ್ಲುವುದು ಆಯಾ ವಾಲ್ವಿನ ಸ್ವಭಾವದ ಮೇಲೆ. ಒಂದೇ ಹೆಸರಿನ ಎರಡು ವಾಲ್ವುಗಳು ಅಕ್ಕತಂಗಿಯರಂತೆ, ನೋಡಲು ಒಂದೇ ಥರ, ಗುಣ ಬೇರೆ. ಹಳೆಯ ವಾಲ್ವು ನನ್ನ ತಿದ್ದುಪಡಿಯ ದಿನವೇ ಸೋತಿತ್ತೋ, ನಾನು ಕೀಳುವಾಗ ಪೆಟ್ಟಾಯಿತೋ ಗೊತ್ತಿಲ್ಲ. ಮೀಟರಮ್ಮನವರು ಉಗ್ರಾಣದಿಂದ ಹದಿನಾಲ್ಕು ವಾಲ್ವು ತರಿಸಿ, ಒಂದೊಂದನ್ನೇ ಹಾಕಿ, ಬಿಸಿಯಾಗಲು ಬಿಟ್ಟು, ಕೇಳಿಸಿದರು. ಮೀಟರನ್ನು ಹೆಗಲಿನಿಂದ ಬಿಚ್ಚಿ ಕಿಟಕಿಗೆ ನೇತುಹಾಕಿದ್ದರು. ಇಬ್ಬರು ಹೆಂಗಸರೂ ಕಣ್ಣು ಮುಚ್ಚಿ ಕೂತಿದ್ದರು, ಒಬ್ಬರು ನುಡಿಸುತ್ತ, ಒಬ್ಬರು ಕೇಳುತ್ತ. ಒಂಬತ್ತನೆಯ ವಾಲ್ವಿಗೆ ಮೀಟರಮ್ಮನವರು ತಲೆಯನ್ನು ಸ್ವಲ್ಪ ಎತ್ತಿದರು. ಆಮೇಲೆ ಶಿಕ್ಷಕಿ, ಕಣ್ಣು ತೆರೆಯದೆಯೇ, "ಬಂದ್ಲು" ಎಂದರು.

ಆ ಮಧ್ಯಾಹ್ನ ಕೋಣೆಯಲ್ಲಿ ಏನು ನಡೆಯಿತೆಂದು ನನಗೆ ಇಂದಿಗೂ ಪೂರ್ತಿ ಹೇಳಲು ಬರುವುದಿಲ್ಲ. ಅರ್ಧ ವೋಲ್ಟಿನ ವ್ಯತ್ಯಾಸವನ್ನು ಮನುಷ್ಯರು ಹೀಗೆ ಗುರುತಿಸಬಲ್ಲರು, ಕಳೆದುಹೋದವರ ದನಿ ಬಾಗಿಲಲ್ಲಿ ಕೇಳಿದಂತೆ, ಎಂಬುದನ್ನು ಕಂಡವಳಿಗೆ ಬೇರೆ ಕೆಲಸ ಮಾಡಲು ಮನಸ್ಸು ಬರುವುದಿಲ್ಲ. ಅಷ್ಟು ಮಾತ್ರ ಗೊತ್ತು.

ಆದರೆ ವಿವರಣೆ ಕೊಡುವುದು ಬಾಕಿಯೇ ಇತ್ತು. ನನ್ನದನ್ನು ನಾನು ಬರೆದೆ. ಅದರ ಕೆಳಗೆ ಮೀಟರಮ್ಮನವರೂ ನಾಲ್ಕು ಸಾಲು ಬರೆದು ಸಹಿ ಹಾಕಿ, ತಾವೇ ಕೊಂಡೊಯ್ದು ಕೊಟ್ಟರು. ಏನು ಬರೆದರೆಂದು ನನಗೆ ತೋರಿಸಲಿಲ್ಲ. ಮುಂದಿನ ತಿಂಗಳು ನನ್ನ ಕೆಲಸ ಕಾಯಂ ಆಯಿತು. ಅಣ್ಣನ ಮನೆಯಿಂದ ಎರಡು ಬೀದಿ ಆಚೆ, ಮಹಡಿಯ ಮೇಲೆ ಒಂದು ಕೋಣೆ ಹಿಡಿದೆ. ಟ್ರಂಕು ಹೊತ್ತು ತಂದವರು ಅಣ್ಣ. ಅತ್ತಿಗೆ ಬಾಗಿಲಿಗೆ ಪರದೆ ಹೊಲಿದುಕೊಟ್ಟರು.

ಆ ನಾಲ್ಕು ಸಾಲು ನಾನು ಓದಿದ್ದು ಈ ವರ್ಷ. ಸಂಪುಟಕ್ಕೆ ಸೇವಾ ವಿವರ ಬೇಕೆಂದು ಹೋದಾಗ ಉಗ್ರಾಣದ ಗುಮಾಸ್ತರು ಕಡತ ತೆಗೆದು, "ನೀವೇ ಓದ್ಕೊಳ್ಳಿ, ನನ್ ಬಾಯಲ್ಲಿ ಹೇಳಿಸ್ಬೇಡಿ" ಎಂದರು. ಅಲ್ಲಿ ಹೀಗಿತ್ತು: "ಈ ತಪ್ಪು ಈ ಕೋಣೆಯಲ್ಲಿ ಹನ್ನೆರಡು ಸಲ ನಡೆದಿದೆ. ಹನ್ನೊಂದು ನನ್ನವು, ಪಟ್ಟಿ ಲಗತ್ತಿಸಿದೆ. ಒಂದು ಇವರದು, ಅದೂ ಸರಿಪಡಿಸಿ ಆಗಿದೆ. ಒಂದು ಮಾಡಿದವರನ್ನು ಕಳಿಸುವುದಾದರೆ ಹನ್ನೊಂದು ಮಾಡಿದವಳನ್ನು ಮೊದಲು ಕಳಿಸಬೇಕಾಗುತ್ತದೆ." ಅದರ ಹಿಂದಿನ ಹಾಳೆ ಕಾರ್ಯಾಗಾರದ ಮುಖ್ಯಸ್ಥರ ಹುದ್ದೆಗೆ ಅವರ ಹೆಸರಿನ ಶಿಫಾರಸು. ನಾಲ್ಕು ಸಾಲಿನ ನಂತರದ ಹಾಳೆ ಆ ಶಿಫಾರಸನ್ನು ಕೈಬಿಟ್ಟ ಆದೇಶ. ಕಾರಣವಾಗಿ ಲಗತ್ತಿಸಿದ ಪಟ್ಟಿಯ ಉಲ್ಲೇಖ. ಹುದ್ದೆ ಬೇರೆಯವರಿಗೆ ಹೋಯಿತು. ಏಳು ವರ್ಷ ಮೀಟರಮ್ಮನವರು ಅವರ ಕೈಕೆಳಗೆ ದುಡಿದರು. ಎರಡು ಮೀಟರಿನ ಪಾಠವನ್ನು ಅವರಿಗೂ ಕಲಿಸಿದರು.

ಓದಿ, ಕಡತ ಮರಳಿಸಿ, ಕೋಣೆಯ ಕಡೆಗೆ ನಡೆದೆ. ಹೋಗಿ, "ಯಾಕೆ ಹೇಳ್ಲಿಲ್ಲ ಅಕ್ಕ?" ಎಂದು ಕೇಳಿದೆ.

"ಏನನ್ನ?"

"ಆ ಹುದ್ದೆ. ನನ್ನಿಂದ."

ಅವರು ಒಂದು ಸಾಕೆಟ್ಟನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದರು. "ಆ ಕುರ್ಚಿ ನೋಡಿದೀಯಾ? ಕಿಟಕಿಗೆ ಬೆನ್ನು ಮಾಡಿ ಹಾಕಿದಾರೆ. ನಂಗೆ ಕೆಲಸಕ್ಕೆ ಬೆಳಕು ಬೇಕು" ಎಂದರು. ಸ್ವಲ್ಪ ತಡೆದು, "ನಿನ್ನಿಂದ ಅಂತ ಎಲ್ಲೂ ಬರೀಬೇಡ. ಪಟ್ಟಿ ನಂದು" ಎಂದು ಸೇರಿಸಿದರು. ಈ ಒಂದು ವಿಷಯದಲ್ಲಿ ಅವರ ಮಾತು ಮೀರಿದ್ದೇನೆ.

ಕಾಯಂ ಆದ ಮೇಲೆ ಹುಡುಕಾಟದಲ್ಲಿ ನಾನೂ ಜೊತೆಯಾದೆ. ರಜೆಯ ದಿನಗಳಲ್ಲಿ ಬಸ್ಸು ಹಿಡಿದು, ಹಳೆಯ ವಿಳಾಸಗಳ ಬಾಗಿಲು ತಟ್ಟಿ, "ಎಷ್ಟೋ ವರ್ಷದ ಹಿಂದೆ ನಿಮ್ಮ ಮೆಷಿನ್ ಕೆಡಿಸಿದ್ದೆ. ಇದ್ರೆ ತೋರಿಸಿ, ಸರಿಮಾಡಿ ಹೋಗ್ತೀನಿ" ಎನ್ನುವುದು ಅವರ ಕ್ರಮ. ಕೆಲವರು ನಮ್ಮನ್ನು ಏನೋ ಮಾರಲು ಬಂದವರೆಂದುಕೊಳ್ಳುತ್ತಿದ್ದರು. ಒಂಬತ್ತನೆಯದು ಸಿಕ್ಕಿದ್ದು ಒಬ್ಬ ದರ್ಜಿಯ ಅಂಗಡಿಯಲ್ಲಿ. ಅದರ ಮೇಲೆ ಇಸ್ತ್ರಿಪೆಟ್ಟಿಗೆ ಕೂರಿಸಿದ್ದರು. ಒಳಗೆ ಒಂದು ವಾಲ್ವೂ ಇರಲಿಲ್ಲ, ಸ್ಪೀಕರಿನ ಕಾಗದವನ್ನು ಇಲಿ ತಿಂದಿತ್ತು. ಮೀಟರಮ್ಮನವರು ಬೆಂಚಿನ ಮೇಲೆ ಕೂತು, ಎರಡು ಗಂಟೆ, ತಾವು ಹಿಂದೆ ಬೆಸೆದದ್ದನ್ನೆಲ್ಲ ಬಿಚ್ಚಿ ಮೊದಲಿನಂತೆ ಕಟ್ಟಿದರು. ದರ್ಜಿ ಬಾಯಲ್ಲಿನ ಗುಂಡುಸೂಜಿ ತೆಗೆದು, "ಅಲ್ಲಮ್ಮ, ಇದು ಕೂಗೋದೇ ಇಲ್ವಲ್ಲ, ಯಾಕಿಷ್ಟು ಕಷ್ಟ?" ಎಂದರು. "ಯಾರಾದ್ರೂ ಎಂದಾದ್ರೂ ಕೂಗಿಸಿದ್ರೆ ಸರಿಯಾಗಿ ಕೂಗ್ಲಿ ಅಂತ" ಎಂದರು ಇವರು. ನಾನು ದೀಪ ಹಿಡಿದು ನಿಂತಿದ್ದೆ. ಆ ಮಾತಿಗೆ ನಗು ಬರಬೇಕಿತ್ತು. ನಾನು ದೀಪವನ್ನು ಇನ್ನಷ್ಟು ಹತ್ತಿರ ಹಿಡಿದೆ.

ಹತ್ತನೆಯದನ್ನು ಮೂರು ವರ್ಷದ ಹಿಂದೆ ಕಂಡುಕೊಂಡೆವು. ಯಂತ್ರ ತಂದಿದ್ದವರು ತೀರಿಕೊಂಡಿದ್ದರು. ಈಗ ಅದನ್ನು ನುಡಿಸುತ್ತಿದ್ದವಳು ಅವರ ಮಗಳು, ಮೂವತ್ತರ ಆಸುಪಾಸಿನವಳು, ಸಣ್ಣ ವಾದ್ಯತಂಡವೊಂದರ ಗಿಟಾರು ವಾದಕಿ. ನಾವು ಬಂದ ಕಾರಣ ಕೇಳಿ ಅವಳ ಮುಖ ಬಿಗಿಯಿತು. "ಇದರ ಸದ್ದು ಮುಟ್ಟಬೇಡಿ ಆಂಟಿ. ನಾನು ಹುಟ್ಟೋಕೆ ಮುಂಚಿಂದ ಇದು ಹೀಗೇ ಇದೆ" ಎಂದಳು. ಮೀಟರಮ್ಮನವರು ವಾದಿಸಲಿಲ್ಲ. "ಒಂದ್ಸಲ ನುಡಿಸ್ತೀಯಾ?" ಎಂದರು. ಅವಳು ನುಡಿಸಿದಳು. ಆ ಸ್ಪಷ್ಟ, ಚೂಪಾದ, ಸ್ವಲ್ಪ ಒರಟು ದನಿಯ ಮೇಲೆ ಅವಳ ಬೆರಳುಗಳು ಬೆಳೆದಿದ್ದವು. ಎಲ್ಲಿ ಒತ್ತಿದರೆ ಅದು ಒಡೆಯುತ್ತದೆ, ಎಲ್ಲಿ ಬಿಟ್ಟರೆ ಇಂಗುತ್ತದೆ ಎಂಬುದು ಅವಳಿಗೆ ಸ್ವಂತ ಉಸಿರಿನಂತೆ ಗೊತ್ತಿತ್ತು. ಪೂರ್ತಿ ಕೇಳಿದ ಮೇಲೆ ಮೀಟರಮ್ಮನವರು ಉಪಕರಣದ ಚೀಲದ ಜಿಪ್ಪು ಎಳೆದು, ಅವಳ ತಲೆ ಮುಟ್ಟಿ, ಹೊರಟರು.

ಬಸ್ಸಿನಲ್ಲಿ ನೋಟುಪುಸ್ತಕ ತೆಗೆದು "ಹತ್ತನೆಯದು. ಸಿಕ್ಕಿತು. ಬಿಟ್ಟೆ" ಎಂದು ಬರೆದರು.

"ಸರಿ ಮಾಡ್ಲಿಲ್ವಲ್ಲ ಅಕ್ಕ" ಎಂದೆ.

"ತಪ್ಪು ಇದ್ರೆ ತಾನೆ ಸರಿಮಾಡೋದು. ನಾನು ಮಾಡಿದಾಗ ಅದು ತಪ್ಪೇ. ಆ ಹುಡುಗಿ ಅದರ ಮೇಲೇ ಮನೆ ಕಟ್ಕೊಂಡಿದಾಳೆ. ಈಗ ಹೋಗಿ ಪಾಯ ಸೊಟ್ಟ ಇದೆ ಅಂತ ಅಗೆಯೋಕಾಗತ್ತಾ?"

ಬಸ್ಸು ಒಂದು ಸೇತುವೆ ದಾಟುತ್ತಿತ್ತು. ಯಾರೂ ಕೇಳದೆಯೇ ನಾನು ನನ್ನ ಮದುವೆಯ ಮಾತು ಶುರುಮಾಡಿದೆ. ಅದು ಎಲ್ಲಿ ಬಿರುಕು ಬಿಟ್ಟಿತು, ನಾನು ಯಾವ ದಿನ ಹೊರಟುಬಂದೆ, ಏನನ್ನು ಬಿಟ್ಟುಬಂದೆ, ಎಲ್ಲ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಮೀಟರಮ್ಮನವರು ಕಿಟಕಿಯಾಚೆ ನೋಡುತ್ತ, ನಡುನಡುವೆ "ಹೂಂ" ಎನ್ನುತ್ತ, ನಮ್ಮ ನಿಲ್ದಾಣ ಬರುವವರೆಗೂ ಕೇಳಿದರು. ಇಳಿದ ಮೇಲೆ "ನಾಳೆ ಬೇಗ ಬಾ, ಟ್ರಾನ್ಸ್‌ಫಾರ್ಮರ್ ಸುತ್ತೋದಿದೆ" ಎಂದರು. ಅವರ ಉಪಕಾರಗಳಲ್ಲಿ ಯಾವುದು ದೊಡ್ಡದೆಂದು ಯಾರಾದರೂ ಕೇಳಿದರೆ ಈ "ಹೂಂ"ಗಳನ್ನೇ ಹೇಳುತ್ತೇನೆ.

ಇನ್ನು ಉಳಿದಿರುವುದು ಒಂದು. ಹಿರಿಯರಿಗೆ ದೀರ್ಘಾಯುಷ್ಯವನ್ನು ಕೋರಿ ಲೇಖನ ಮುಗಿಸುವುದು ಇಂಥ ಸಂಪುಟಗಳ ಮರ್ಯಾದೆ. ಮೀಟರಮ್ಮನವರು ನೂರು ವರ್ಷ ಬಾಳಲಿ ಎಂದು ನಾನೂ ಮನಸಾರೆ ಕೋರುತ್ತೇನೆ. ಅವರ ಕಿವಿ ಹೀಗೇ ಚುರುಕಾಗಿರಲಿ, ಕೈ ಹೀಗೇ ಸ್ಥಿರವಾಗಿರಲಿ, ನಿವೃತ್ತಿಯ ಮರುದಿನದಿಂದ ಕೋಣೆಯಲ್ಲಿ ಅವರ ಸ್ಟೂಲು ಕಿಟಕಿಯ ಬೆಳಕಿಗೇ ಇರುತ್ತದೆಂದು ಮಾತು ಕೊಡುತ್ತೇನೆ. ಆದರೆ ಕೋರಿಕೆಯೊಂದಿಗೆ ಓದುಗರಲ್ಲಿ ಒಂದು ಬಿನ್ನಹವೂ ಇದೆ. ಮೂವತ್ತೈದು ವರ್ಷಗಳ ಹಿಂದೆ ಎತ್ತರದ, ಎಡಗೈಯಲ್ಲಿ ನುಡಿಸುವ, ಹಡಗುಗಳ ವಾದ್ಯತಂಡದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ನಮ್ಮ ಕೋಣೆಯಿಂದ ಒಂದು ಆಂಪ್ಲಿಫೈಯರನ್ನು ಕೊಂಡೊಯ್ದರು. ಕಂದು ಬಟ್ಟೆಯ ಹೊದಿಕೆ, ಮುಂಭಾಗದಲ್ಲಿ ಹಸಿರು ದೀಪ, ಬಲ ಮೂಲೆಯ ತಗಡು ಕಿತ್ತುಹೋಗಿದೆ. ಬೆನ್ನಿನ ಹಲಗೆ ತೆಗೆದರೆ ಒಳಗಿನ ತಗಡಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಒಂದು ತಾರೀಕು ಕಾಣಬಹುದು; ಆ ಅಕ್ಷರ ಮೀಟರಮ್ಮನವರದು. ಅದು ನಿಮ್ಮ ಅಟ್ಟದಲ್ಲಿರಬಹುದು, ನಿಮ್ಮ ಬಂಧುಗಳ ಮನೆಯಲ್ಲಿರಬಹುದು, ಈ ಕ್ಷಣ ಯಾರದೋ ಕೈಯಲ್ಲಿ ನುಡಿಯುತ್ತಲೂ ಇರಬಹುದು. ದಯವಿಟ್ಟು ತಿಳಿಸಿ. ನಿಮ್ಮ ಯಂತ್ರ ಕಸಿದುಕೊಳ್ಳುತ್ತಾರೆಂಬ ಅಂಜಿಕೆ ಬೇಡ. ಅದನ್ನು ಬಿಚ್ಚುವ ಮೊದಲು ಅವರು ಎದುರಿಗೆ ಕೂತು, ನೀವು ನುಡಿಸುವುದನ್ನು ಕೊನೆಯವರೆಗೂ ಕೇಳುತ್ತಾರೆ.